ಸ್ಟ್ರಟ್ ಪಟ್ಟಿ ರೆಕ್ಕೆಯಿಂದ ಕಿತ್ತು ಬಂತು: 1/6 ಅಳತೆಯ ಪುಷ್ಪಕ್ ಮಾಡೆಲ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಚ್‌ಎಎಲ್‌ನ ಪುಷ್ಪಕ್ ವಿಮಾನದ ಮಾಡೆಲ್ ಕಟ್ಟಿದ್ದೇನೆ. 1958ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೊದಲು ಹಾರಿದ ವಿಮಾನ ಅದು. ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಮೇಲ್ರೆಕ್ಕೆ. ಎಷ್ಟೋ ಪೈಲಟ್‌ಗಳು ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅದರಲ್ಲೇ ಕಲಿತವರು. ಹಾಗಾಗಿ ಇದರ ಮೇಲೆ ನನಗೆ ಆಸೆ ಜಾಸ್ತಿ.

ನನ್ನ ಮಾಡೆಲ್‌ನ ರೆಕ್ಕೆ ತುದಿಯಿಂದ ತುದಿಗೆ 1.83 ಮೀಟರ್, ತೂಕ 3 ಕೆಜಿ. ಬಾಲ್ಸಾ (ತೀರಾ ಹಗುರವಾದ ಮೆತ್ತನೆಯ ಮರ) ಮತ್ತು ಪ್ಲೈ. ಪ್ರತಿ ಕಡೆ ವಿ ಆಕಾರದಲ್ಲಿ ಎರಡು ಸ್ಟ್ರಟ್, ಅಂದರೆ ಮೈಯಿಂದ ರೆಕ್ಕೆಗೆ ಓರೆಯಾಗಿ ಹೋಗುವ ಆಸರೆ ಕಡ್ಡಿ. ಸ್ಟ್ರಟ್‌ನ ಮೇಲಿನ ತುದಿಗೆ ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ, ರೆಕ್ಕೆಯ ಕೆಳಗೆ ಎರಡೆರಡು ಸಣ್ಣ ಮರದ ಸ್ಕ್ರೂ ಹಾಕಿದ್ದೆ.

ಹೋದ ಭಾನುವಾರ ನಮ್ಮೂರ ಕೆರೆ ಅಂಗಳದಲ್ಲಿ ಹಾರಿಸುತ್ತಿದ್ದೆ. ಸ್ವಲ್ಪ ಡೈವ್ ಮಾಡಿ ಮೇಲಕ್ಕೆ ಎಳೆದಾಗ ಟಕ್ ಅಂತ ಸದ್ದಾಯಿತು. ಎಡ ರೆಕ್ಕೆ ಮೇಲಕ್ಕೆ ಬಾಗಿತು. ಥ್ರಾಟಲ್ ಇಳಿಸಿ ಹೇಗೋ ಇಳಿಸಿದೆ. ನೋಡಿದರೆ ಎಡ ಮುಂದಿನ ಸ್ಟ್ರಟ್‌ನ ಸ್ಕ್ರೂಗಳು ಬಾಲ್ಸಾ ಪುಡಿ ಸಮೇತ ಕಿತ್ತು ಬಂದಿವೆ. ಸ್ಟ್ರಟ್‌ಗೆ ಏನೂ ಆಗಿಲ್ಲ. ಎರಡು ರೆಕ್ಕೆ ಸೇರಿಸುವ ಅಲ್ಯೂಮಿನಿಯಂ ಟ್ಯೂಬ್ ಬಗ್ಗಿದೆ. ದಪ್ಪ ಸ್ಕ್ರೂ ಹಾಕಿದರೆ ಸಾಕಾ?

ಉತ್ತರ 1

ವಿಮಾನ ಉಳಿದದ್ದೇ ದೊಡ್ಡದು. ಎರಡು ಅಳತೆ ಬೇಕು. ರೆಕ್ಕೆಯ ಬುಡದಿಂದ ಸ್ಟ್ರಟ್ ಕಚ್ಚಿರುವ ಜಾಗಕ್ಕೆ ಎಷ್ಟು ದೂರ? ವಿಮಾನದ ಮೈಯಲ್ಲಿ ಸ್ಟ್ರಟ್‌ನ ಕೆಳತುದಿಯಿಂದ ರೆಕ್ಕೆಗೆ ಎಷ್ಟು ಎತ್ತರ?

ಕೇಳಿದವರು

ದೂರ 48 ಸೆಂ.ಮೀ., ಎತ್ತರ 20 ಸೆಂ.ಮೀ. ಸ್ಟ್ರಟ್ ಉದ್ದ 52 ಸೆಂ.ಮೀ.

ಉತ್ತರ 1

ಹಾಗಾದರೆ ಲೆಕ್ಕ ನೋಡಿ, ದಪ್ಪ ಸ್ಕ್ರೂ ಯಾಕೆ ಸಾಲದು ಅಂತ ಗೊತ್ತಾಗುತ್ತದೆ.

ರೆಕ್ಕೆ ಎತ್ತುವ ಬಲ ವೇಗದ ವರ್ಗದಂತೆ ಏರುತ್ತದೆ. ಸ್ಟಾಲ್ ಆಗುವ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವ) ವೇಗದ ಎರಡು ಪಟ್ಟು ವೇಗದಲ್ಲಿ ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಜೋರಾಗಿ ಎಳೆದರೆ ವಿಮಾನದ ತೂಕದ ನಾಲ್ಕು ಪಟ್ಟು ಬಲ ಬರಬಹುದು. ನಿಮ್ಮ 3 ಕೆಜಿಗೆ ಅದು 12 ಕೆಜಿ. ಒಂದೊಂದು ರೆಕ್ಕೆಗೆ 6 ಕೆಜಿ. ಆ ಬಲ ಬುಡದಿಂದ ಸುಮಾರು 42 ಸೆಂ.ಮೀ. ಆಚೆ ಕೂತಿದೆ ಅಂದುಕೊಳ್ಳಿ. ಬುಡವನ್ನು ತಿರುಗಣಿ ಅಂತ ಎಣಿಸಿದರೆ, ಸ್ಟ್ರಟ್ ಕಚ್ಚಿದ ಜಾಗವನ್ನು ಕೆಳಕ್ಕೆ ಹಿಡಿದಿಡಲು 5.25 ಕೆಜಿ ಬೇಕು. ಆದರೆ ಸ್ಟ್ರಟ್ ನೇರ ನಿಂತಿಲ್ಲ, ಓರೆಯಾಗಿ ಮಲಗಿದೆ. ಅದರ ಉದ್ದವನ್ನು ಎತ್ತರದಿಂದ ಭಾಗಿಸಿ: 52/20. ಅಂದರೆ 2.6 ಪಟ್ಟು. ಆ ಕಡೆಯ ಸ್ಟ್ರಟ್‌ಗಳ ಮೇಲೆ ಒಟ್ಟು 13.5 ಕೆಜಿಗೂ ಜಾಸ್ತಿ ಎಳೆತ! ವಿಮಾನದ ತೂಕದ ನಾಲ್ಕೂವರೆ ಪಟ್ಟು. ರೆಕ್ಕೆಯ ಎತ್ತುವ ಬಲ ಮುಂಭಾಗದಲ್ಲೇ ಹೆಚ್ಚು ಇರುವುದರಿಂದ ಅದರಲ್ಲಿ ದೊಡ್ಡ ಪಾಲು ಮುಂದಿನ ಸ್ಟ್ರಟ್‌ಗೆ. ನಿಮ್ಮದು ಅಲ್ಲೇ ಕಿತ್ತಿದೆ, ಅಲ್ವಾ?

ಬಾಲ್ಸಾದಲ್ಲಿ ಸ್ಕ್ರೂ ಹಿಡಿತ ನಂಬುವ ಹಾಗಿಲ್ಲ. ಮೋಟಾರಿನ ನಡುಕಕ್ಕೆ ದಿನಾ ಸ್ವಲ್ಪ ಸ್ವಲ್ಪ ಸಡಿಲ ಆಗುತ್ತದೆ. ದಪ್ಪ ಸ್ಕ್ರೂ ಹಾಕಿದರೆ ಇನ್ನಷ್ಟು ದಪ್ಪ ತುಂಡು ಕಿತ್ತು ಬರುತ್ತದೆ, ಅಷ್ಟೇ. ಎಳೆತ ನೇರ ಸ್ಪಾರ್‌ಗೆ, ಅಂದರೆ ರೆಕ್ಕೆಯ ಉದ್ದಕ್ಕೂ ಓಡುವ ಮುಖ್ಯ ತೊಲೆಗೆ ಹೋಗಬೇಕು. ನಾನಾಗಿದ್ದರೆ ಹೀಗೆ ಮಾಡುತ್ತೇನೆ.

ಸ್ಟ್ರಟ್ ಜಾಗದಲ್ಲಿ ಹೊದಿಕೆಯ ಫಿಲ್ಮ್ ಒಂದು ಅಂಗೈ ಅಗಲ ಕತ್ತರಿಸಿ. ಕೆಳಗಿನ ಸ್ಪಾರ್ ಪಕ್ಕಕ್ಕೆ ಗಟ್ಟಿ ಮರದ ಅಡ್ಡೆ (ತುಂಡು) ಕೂರಿಸಿ, 12 ಮಿ.ಮೀ. ದಪ್ಪದ್ದು, ಎರಡು ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿಗಳ) ನಡುವೆ ಪೂರ್ತಿ ಉದ್ದ. ಬೀಚ್ ಸಿಕ್ಕರೆ ಒಳ್ಳೆಯದು. ತೇಗವೂ ಆಗುತ್ತದೆ, ಆದರೆ ಅದರಲ್ಲಿ ಎಣ್ಣೆ ಅಂಶ ಇರುತ್ತದೆ. ಅಂಟು ಹಚ್ಚುವ ಮುಂಚೆ ಮರಳು ಕಾಗದದಲ್ಲಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಮರದ ಎಳೆ ಸ್ಪಾರ್ ಉದ್ದಕ್ಕೇ ಇರಲಿ. ಪಕ್ಕಕ್ಕೆ ಅಂಟಿಸುವುದಕ್ಕೆ ಕಾರಣ ಇದೆ. ಅಂಟು ಜಾರುವ ಬಲವನ್ನು ಚೆನ್ನಾಗಿ ತಡೆಯುತ್ತದೆ, ಸುಲಿಯುವ ಬಲಕ್ಕೆ ಸೋಲುತ್ತದೆ. ಅಡ್ಡೆಯ ಎರಡೂ ಕಡೆಯ ರಿಬ್‌ಗಳಿಗೆ 1.5 ಮಿ.ಮೀ. ಪ್ಲೈ ಅಂಟಿಸಿ. ಕೊನೆಗೆ ಸ್ಪಾರ್ ಮತ್ತು ಅಡ್ಡೆ ಎರಡನ್ನೂ ಸೇರಿಸಿ ಗ್ಲಾಸ್ ಬಟ್ಟೆಯ ಪಟ್ಟಿ ಸುತ್ತಿ ಎಪಾಕ್ಸಿ ತುಂಬಿ. ಐದು ನಿಮಿಷದ ಎಪಾಕ್ಸಿ ಬೇಡ, ರಾತ್ರಿಯಿಡೀ ಗಟ್ಟಿಯಾಗುವುದನ್ನೇ ಬಳಸಿ.

ಸ್ಕ್ರೂ ಬದಲು 3 ಮಿ.ಮೀ. ಬೋಲ್ಟ್. ಅಡ್ಡೆಯ ಮೇಲ್ಗಡೆಯಿಂದ ಟೀ ನಟ್ (ಅಗಲ ತಲೆಯ ನಟ್) ಕೂರಿಸಿ. ಎಳೆದಷ್ಟೂ ಅದು ಮರಕ್ಕೆ ಒತ್ತಿಕೊಳ್ಳುತ್ತದೆ, ಕಿತ್ತು ಬರುವ ಮಾತೇ ಇಲ್ಲ. ದಯವಿಟ್ಟು ಬೋಲ್ಟ್ ತೂತನ್ನು ಸ್ಪಾರ್‌ನಲ್ಲೇ ಕೊರೆಯಬೇಡಿ. 6 ಮಿ.ಮೀ. ಅಗಲದ ಸ್ಪಾರ್‌ನಲ್ಲಿ 3 ಮಿ.ಮೀ. ತೂತು ಅಂದರೆ ಅರ್ಧ ಸ್ಪಾರ್ ಹೋಯಿತು.

ಅಲ್ಯೂಮಿನಿಯಂ ಪಟ್ಟಿಯನ್ನೂ ಬಿಟ್ಟುಬಿಡಿ. ಬಗ್ಗಿಸಿದ ಮೂಲೆಯಲ್ಲಿ ಕಣ್ಣಿಗೆ ಕಾಣದ ಸೀಳು ಹುಟ್ಟಿ ದಿನೇದಿನೇ ಬೆಳೆಯುತ್ತದೆ. 1 ಮಿ.ಮೀ. ಕಬ್ಬಿಣದ ಶೀಟ್ ಸಾಕು. ಚೂಪಾಗಿ ಮಡಚದೆ ಸ್ವಲ್ಪ ದುಂಡಗೆ ಬಗ್ಗಿಸಿ. ಪಟ್ಟಿಯ ಕಿವಿ (ಸ್ಟ್ರಟ್ ಸೇರುವ ಬಗ್ಗಿಸಿದ ತುದಿ) ಸ್ಟ್ರಟ್ ಇರುವ ದಿಕ್ಕಿಗೇ ನೋಡಬೇಕು. ತೂತಿನ ನಡುವಿನಿಂದ ಪಟ್ಟಿಯ ಅಂಚಿಗೆ ಕನಿಷ್ಠ 6 ಮಿ.ಮೀ. ಇರಲಿ.

ಬಗ್ಗಿದ ಟ್ಯೂಬ್ ನೇರ ಮಾಡಿ ಮತ್ತೆ ಬಳಸಬೇಡಿ, ಹೊಸದು ಹಾಕಿ.

ಉತ್ತರ 2

ನನ್ನ ಅಭಿಪ್ರಾಯ ಬೇರೆ. ದಪ್ಪ ಕಾರ್ಬನ್ ಟ್ಯೂಬ್ ಹಾಕಿ ರೆಕ್ಕೆಯೇ ಎಲ್ಲ ಭಾರ ಹೊರುವ ಹಾಗೆ ಮಾಡಿ. ಸ್ಟ್ರಟ್ ಸುಮ್ನೆ ನೋಟಕ್ಕೆ ಇರಲಿ. ಎಷ್ಟೋ ಮಾಡೆಲ್‌ಗಳು ಹಾಗೇ ಹಾರುತ್ತವೆ.

ಉತ್ತರ 1

ಹೊಸದಾಗಿ ಕಟ್ಟುವವರಿಗೆ ಅದು ಒಳ್ಳೆಯ ದಾರಿ. ಇಲ್ಲಿ ರೆಕ್ಕೆ ಆಗಲೇ ಕಟ್ಟಿ ಆಗಿದೆ. ದಪ್ಪ ಟ್ಯೂಬ್ ಕೂರಿಸಲು ಬುಡದ ಐದಾರು ರಿಬ್ ಬಿಚ್ಚಬೇಕು, ಸ್ಪಾರ್ ಕೂಡ ಗಟ್ಟಿ ಮಾಡಬೇಕು. ಅಡ್ಡೆ ಕೂರಿಸುವುದು ಎರಡು ಸಂಜೆಯ ಕೆಲಸ. ಅಲ್ಲದೆ ನಿಜವಾದ ಪುಷ್ಪಕ್‌ನಲ್ಲಿ ಭಾರ ಹೊರುವುದು ಸ್ಟ್ರಟ್‌ಗಳೇ. ಮಾಡೆಲ್‌ನಲ್ಲೂ ಅವು ಕೆಲಸ ಮಾಡಿದರೆ ನನಗಂತೂ ಖುಷಿ.

ಹಾರಿಸುವ ಮುಂಚೆ ನೆಲದ ಮೇಲೆ ಪರೀಕ್ಷೆ ಮಾಡಿ. ವಿಮಾನ ಮಗುಚಿ, ಮೈಯನ್ನು ಮಾತ್ರ ಸ್ಪಂಜಿನ ಮೇಲೆ ಇಡಿ. ರೆಕ್ಕೆಗಳು ಗಾಳಿಯಲ್ಲಿರಲಿ. ಈಗ ಮೇಲೆ ಕಾಣುವ ರೆಕ್ಕೆಯ ತಳದ ಮೇಲೆ ಮರಳಿನ ಚೀಲ ಇಡುತ್ತಾ ಹೋಗಿ, ಎರಡೂ ಕಡೆ ಒಟ್ಟೊಟ್ಟಿಗೆ, ಒಂದೊಂದು ಕಡೆ 6 ಕೆಜಿ ಆಗುವವರೆಗೆ. ಬುಡದ ಕಡೆ ಜಾಸ್ತಿ, ತುದಿಗೆ ಕಡಿಮೆ. ಕಿವಿಗೊಟ್ಟು ಕೇಳಿ.

ಕೇಳಿದವರು

ಹತ್ತು ದಿನ ಆಯಿತು, ಕ್ಷಮಿಸಿ. ಹೇಳಿದ ಹಾಗೇ ನಾಲ್ಕೂ ಕಡೆ ಅಡ್ಡೆ ಕೂರಿಸಿದೆ. ತೇಗ ಬಳಸಿದೆ. ಮರಳಿನ ಪರೀಕ್ಷೆ ಮಾಡಿದೆ. 4 ಕೆಜಿವರೆಗೆ ಏನೂ ಇಲ್ಲ. 5ನೇ ಚೀಲ ಇಟ್ಟಾಗ ಕಿರ್ ಅಂತ ಸದ್ದು. ರೆಕ್ಕೆಯ ಕಡೆ ಎಲ್ಲ ಗಟ್ಟಿ. ಮೈಯ ತಳದಲ್ಲಿ ಸ್ಟ್ರಟ್ ಕಚ್ಚುವ ಜಾಗದ ಪ್ಲೈ ಹೊರಕ್ಕೆ ಉಬ್ಬುತ್ತಿದೆ!

ಉತ್ತರ 1

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಸ್ಟ್ರಟ್ ಓರೆ ಇರುವುದರಿಂದ ಮೈಯ ತಳವನ್ನು ಎಡಕ್ಕೊಂದು, ಬಲಕ್ಕೊಂದು ಎಳೆಯುತ್ತವೆ. ಪಕ್ಕಕ್ಕೆ ಎಳೆಯುವ ಪಾಲು ಪ್ರತಿ ಕಡೆ 12.5 ಕೆಜಿ ಹತ್ತಿರ. ಎಡದ ಎಳೆತ ಬಲದ್ದನ್ನು ಸರಿದೂಗಿಸಬೇಕು. ಅದಕ್ಕೆ ಎಡ ಬಲ ಸೇರಿಸುವ ಒಂದೇ ತುಂಡು ಬೇಕು. 3 ಮಿ.ಮೀ. ಬರ್ಚ್ ಪ್ಲೈ ಪಟ್ಟಿ ಅಡ್ಡಲಾಗಿ ಹಾಕಿ, ಹೊರ ಮೇಲ್ಮೈ ಎಳೆ ಎಡದಿಂದ ಬಲಕ್ಕೆ ಓಡಲಿ. ಇನ್ನೂ ಒಳ್ಳೆಯದು ಅಂದರೆ ಎರಡು ತುದಿಯೂ ಕಿವಿಯಾಗಿ ಬಗ್ಗಿಸಿದ ಒಂದೇ ಉದ್ದನೆಯ ಕಬ್ಬಿಣದ ಪಟ್ಟಿ. ಮುಂದಿನ ಜೋಡಿಗೆ ಒಂದು, ಹಿಂದಿನ ಜೋಡಿಗೆ ಒಂದು.

ಕೇಳಿದವರು

ಕಬ್ಬಿಣದ ಪಟ್ಟಿಯೇ ಹಾಕಿದೆ. 6 ಕೆಜಿ ಇಟ್ಟು ಹತ್ತು ನಿಮಿಷ ಬಿಟ್ಟೆ, ಸದ್ದಿಲ್ಲ. ಇವತ್ತು ಬೆಳಿಗ್ಗೆ ಗಾಳಿ ಏಳುವ ಮುಂಚೆ ಮೂರು ಸಲ ಹಾರಿಸಿದೆ. ಲೂಪ್ ಕೂಡ ಮಾಡಿದೆ, ರೆಕ್ಕೆ ಅಲುಗಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಒಂದೇ ತೊಂದರೆ, ಸ್ಟಿಕ್ ಬಿಟ್ಟರೆ ನಿಧಾನಕ್ಕೆ ಎಡಕ್ಕೆ ವಾಲುತ್ತದೆ. ಮುಂಚೆ ಹೀಗಿರಲಿಲ್ಲ.

ಉತ್ತರ 1

ಹೊಸ ಪಟ್ಟಿಯಿಂದ ಸ್ಟ್ರಟ್ ಉದ್ದ ಸ್ವಲ್ಪ ಬದಲಾಗಿ ರೆಕ್ಕೆ ತಿರುಚಿದೆ. ಹಿಂದಿನ ಸ್ಟ್ರಟ್‌ಗಳ ಕೆಳತುದಿಗೆ 3 ಮಿ.ಮೀ. ತಿರುಪಿನ ಕ್ಲೆವಿಸ್ (ತಿರುಗಿಸಿ ಉದ್ದ ಹೊಂದಿಸುವ ಕವಲು ತುದಿ) ಹಾಕಿ. ಒಂದು ಸುತ್ತು ತಿರುಗಿಸಿದರೆ ಅರ್ಧ ಮಿ.ಮೀ. ಬದಲಾಗುತ್ತದೆ. ಎಡ ಹಿಂದಿನ ಸ್ಟ್ರಟ್ ಒಂದು ಸುತ್ತು ಗಿಡ್ಡ ಮಾಡಿ. ರೆಕ್ಕೆಯ ಹಿಂದಿನ ಅಂಚು ಕೆಳಗೆ ಬಂದು ಎಡಗಡೆ ಎತ್ತುವ ಬಲ ಹೆಚ್ಚುತ್ತದೆ. ಹಾರಿಸಿ ನೋಡಿ, ಬೇಕಿದ್ದರೆ ಇನ್ನೊಂದು ಸುತ್ತು. ಬೋಲ್ಟ್ ಹಾಕುವಾಗ ಸ್ಟ್ರಟ್ ಎಳೆದು ಬಲವಂತವಾಗಿ ಕೂರಿಸಬೇಡಿ. ತೂತಿಗೆ ತೂತು ತಾನಾಗಿ ಸೇರಬೇಕು. ತೇಗದ ಅಡ್ಡೆ ಹೊಸದು, ಟೀ ನಟ್ ಇನ್ನೂ ಒತ್ತಿಕೊಳ್ಳುತ್ತದೆ. ನಾಳೆ ಹಾರಿಸುವ ಮುಂಚೆ ನಾಲ್ಕೂ ಬೋಲ್ಟ್ ಒಮ್ಮೆ ಬಿಗಿ ಮಾಡಿ.