ಕಾಂಬೋಡಿಯಾದ 1975–79ರ ಸಾವುಗಳು: ನರಮೇಧವೇ, ಜನಾಂಗಹತ್ಯೆಯೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಕಾಂಬೋಡಿಯಾದ ಬಹುಸಂಖ್ಯಾತರಾದ ಖ್ಮೇರ್ ಜನರ ಇತ್ತೀಚಿನ ಚರಿತ್ರೆಯನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. 1975ರ ಏಪ್ರಿಲ್ 17ರಂದು ರಾಜಧಾನಿ ನಾಮ್ ಪೆನ್ ನಗರವನ್ನು ಹಿಡಿದ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ, ಅಂದಿನಿಂದಲೇ ನಗರವಾಸಿಗಳನ್ನು ಹಳ್ಳಿಗಳತ್ತ ಅಟ್ಟತೊಡಗಿತು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಗರಕ್ಕೆ ಬರುವ ಹೊತ್ತಿಗೆ ಹಸಿವು, ಕಾಯಿಲೆ, ಅತಿದುಡಿತ, ಕೊಲೆಗಳಿಂದ ದೇಶದಲ್ಲಿ ಸುಮಾರು 15ರಿಂದ 20 ಲಕ್ಷ ಜನ ಸತ್ತಿದ್ದರು. ಇಡೀ ಈ ಘೋರಕ್ಕೆ ಕನ್ನಡದಲ್ಲಿ ಯಾವ ಹೆಸರು ಸಲ್ಲುತ್ತದೆ?

ಪತ್ರಿಕೆಗಳಲ್ಲಿ ‘ನರಮೇಧ’ ಸಲೀಸಾಗಿ ಬರುತ್ತದೆ. ನನಗೆ ಅದು ಒಗ್ಗುವುದಿಲ್ಲ. ‘ಮೇಧ’ ಯಜ್ಞದ ಮಾತು. ನಾಮ್ ಪೆನ್ ನಗರದ ತುವೊಲ್ ಸ್ಲೆಂಗ್‌ನ ಶಾಲೆಯನ್ನು ಸೆರೆಮನೆಯಾಗಿಸಿ, ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡು ಕೊಂದ ಕೃತ್ಯದ ಮೇಲೆ ಯಜ್ಞದ ನೆರಳೂ ಬೀಳಬಾರದು. ‘ಹತ್ಯಾಕಾಂಡ’ ಎಂದರೆ ಗದ್ದೆಗಳಲ್ಲಿ ಗಂಜಿಯಿಲ್ಲದೆ ಸತ್ತವರು ಲೆಕ್ಕದಿಂದ ಹೊರಗುಳಿಯುತ್ತಾರೆ.

ಉಳಿದದ್ದು ‘ಜನಾಂಗಹತ್ಯೆ’. ತೊಡಕು ಇರುವುದು ಇಲ್ಲೇ. ಕಾನೂನಿನ ಪ್ರಕಾರ ಒಂದು ಜನಾಂಗ, ರಾಷ್ಟ್ರ ಅಥವಾ ಧರ್ಮದ ಗುಂಪನ್ನು ಅದೇ ಕಾರಣಕ್ಕೆ ಅಳಿಸುವ ಉದ್ದೇಶವಿದ್ದರೆ ಮಾತ್ರ ಅದು ಜನಾಂಗಹತ್ಯೆ. ಸತ್ತವರಲ್ಲಿ ಹೆಚ್ಚಿನವರು ಖ್ಮೇರರು, ಕೊಂದವರೂ ಖ್ಮೇರರೇ. ವಿಶ್ವಸಂಸ್ಥೆಯ ನೆರವಿನಿಂದ ನಡೆದ ವಿಶೇಷ ನ್ಯಾಯಾಲಯ 2018ರಲ್ಲಿ ಈ ಗೆರೆಯನ್ನು ಬಿಗಿಯಾಗಿಯೇ ಎಳೆಯಿತು. ಖ್ಮೇರ್ ರೂಜ್ ಪಡೆಯ ಎರಡನೆಯ ನಾಯಕ ನುವೊನ್ ಚಿಯಾ ಅಲ್ಪಸಂಖ್ಯಾತರಾದ ಚಾಮ್ ಮುಸ್ಲಿಮರ ಮತ್ತು ದೇಶದಲ್ಲಿದ್ದ ವಿಯೆಟ್ನಾಮೀಯರ ಜನಾಂಗಹತ್ಯೆಯ ದೋಷಿಯಾದ. ಆ ಆಡಳಿತದ ರಾಷ್ಟ್ರಾಧ್ಯಕ್ಷನಾಗಿದ್ದ ಖಿಯು ಸಂಫಾನ್ ವಿಯೆಟ್ನಾಮೀಯರ ಜನಾಂಗಹತ್ಯೆಯ ದೋಷಿಯಾದ. ಖ್ಮೇರರ ಮೇಲಿನ ಕ್ರೌರ್ಯ ಮಾನವತೆಯ ವಿರುದ್ಧದ ಅಪರಾಧಗಳ ಪಟ್ಟಿಗೆ ಸೇರಿತು.

ಕಾಂಬೋಡಿಯಾದವರು ಮಾತ್ರ ಇಡೀ ದುರಂತಕ್ಕೆ ಒಂದೇ ಪದ ಬಳಸುತ್ತಾರೆ: ‘ಪ್ರಲೈ ಪೂಚ್ ಸಾಸ್’. ತುವೊಲ್ ಸ್ಲೆಂಗ್ ವಸ್ತುಸಂಗ್ರಹಾಲಯದ ಹೆಸರಿನಲ್ಲಿಯೂ ಅದಿದೆ. ಅದರ ಬೇರುಗಳು ನಮಗೆ ಗೊತ್ತಿರುವವೇ: ಪ್ರಳಯ, ಬೀಜ, ಶಾಸನ. ಶಾಸನದಿಂದ ಬಂದ ‘ಸಾಸ್’ಗೆ ಅಲ್ಲಿ ಜನಾಂಗ ಎಂಬ ಅರ್ಥ ಬಂದಿದೆ. ಬಿತ್ತನೆಯ ಬೀಜವೇ ಅಳಿಯುವುದೆಂಬ ಭಾವ ಅದರಲ್ಲಿದೆ. ಮನೆಮಂದಿಯನ್ನು ಕಳೆದುಕೊಂಡವರ ಎದುರು ಕಾನೂನಿನ ವ್ಯಾಖ್ಯೆ ಹಿಡಿದು ‘ನಿಮ್ಮದು ಜನಾಂಗಹತ್ಯೆಯಲ್ಲ’ ಎನ್ನಲು ನನಗೆ ಮನಸ್ಸಿಲ್ಲ.

ಹಾಗಾಗಿ ಚಾಮರ, ವಿಯೆಟ್ನಾಮೀಯರ ಪ್ರಸಂಗದಲ್ಲಿ ‘ಜನಾಂಗಹತ್ಯೆ’ಯನ್ನೇ ಇಟ್ಟುಕೊಂಡು, ಒಟ್ಟು ಘಟನೆಗೆ ‘ಕುಲಕ್ಷಯ’ ಎನ್ನಬೇಕೆಂದಿದ್ದೇನೆ. ಅರ್ಜುನ ಕುರುಕ್ಷೇತ್ರದಲ್ಲಿ ಹೆದರಿದ್ದು ಇದಕ್ಕೇ. ತನ್ನವರನ್ನು ತನ್ನವರೇ ಕೊಲ್ಲುವ ಅರ್ಥ ಆ ಪದಕ್ಕೆ ಅಂಟಿಕೊಂಡೇ ಬಂದಿದೆ, ಹಸಿವಿನ ಸಾವುಗಳಿಗೂ ‘ಕ್ಷಯ’ದಲ್ಲಿ ಜಾಗವಿದೆ. ಒಂದೇ ಅಳುಕು: ಇಂದಿನ ಓದುಗರಿಗೆ ‘ಕುಲ’ ಎಂದೊಡನೆ ಜಾತಿ ಹೊಳೆಯುತ್ತದೆಯೇ? ಇಡೀ ದೇಶದ ಜನರಿಗೆ ಅನ್ವಯಿಸಿ ‘ಕುಲಕ್ಷಯ’ವನ್ನು ಬಳಸಿದ ಕನ್ನಡ ಬರಹ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಆ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ.