ಒತ್ತೆಯಾಳು ಕೇಸಲ್ಲಿ ಮಾತಾಡೋ ಪೊಲೀಸರಿಗೆ ಡಿಸಿಷನ್ ಪವರ್ ಯಾಕಿರಲ್ಲ?

ಕುತೂಹಲಿ: ಒಂದ್ ಡೌಟು. ಒತ್ತೆಯಾಳು ಇಟ್ಕೊಂಡಿರೋನ ಹತ್ರ ಮಾತಾಡೋ ನೆಗೋಷಿಯೇಟರ್‌ಗಳು ಅಷ್ಟೊಂದು ಅನುಭವ ಇರೋರು, ಆದ್ರೂ ಫೈನಲ್ ಡಿಸಿಷನ್ ಅವ್ರದಲ್ವಂತೆ, ನಿಜಾನಾ?

ರಾತ್ರಿಪಾಳಿ: ನಿಜ, ಬೇಕಂತ್ಲೇ ಹಂಗೆ ಇಟ್ಟಿರೋದು. ಅವ್ನು ಕಾರು ಕೇಳ್ದ ಅನ್ಕೊಳಿ, 'ಮೇಲಿನೋರನ್ನ ಕೇಳ್ಬೇಕು, ಟೈಮ್ ಕೊಡು' ಅನ್ಬಹುದು, ಮುಖಕ್ಕೆ ಹೊಡ್ದಂಗೆ ಇಲ್ಲ ಅನ್ನೋ ಪ್ರಮೇಯಾನೇ ಬರಲ್ಲ, ಟೈಮ್ ಹೋದಷ್ಟೂ ಆವೇಶ ಇಳಿಯತ್ತೆ, ಸುಸ್ತಾಗತ್ತೆ, ಹಸಿವಾಗತ್ತೆ, ಆಮೇಲೇ ಮಾತು ಕಿವಿಗೆ ಬೀಳೋದು. ಫೈನಲ್ ಡಿಸಿಷನ್ ತಗೊಳೋ ಕಮಾಂಡರೇ ಫೋನ್ ಹಿಡ್ಕೊಂಡ್ರೆ ಈ ನೆಪ ಹೋಯ್ತು.

ಹಳೇಪೇಪರ್: 1972ರ ಮ್ಯೂನಿಕ್ ಒಲಿಂಪಿಕ್ಸ್ ದುರಂತ (ಒತ್ತೆಯಾಳಾಗಿದ್ದ ಇಸ್ರೇಲಿ ಕ್ರೀಡಾಪಟುಗಳು ಸತ್ತಿದ್ದು) ಆದ್ಮೇಲೆ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಹಾರ್ವಿ ಶ್ಲಾಸ್‌ಬರ್ಗ್, ಫ್ರಾಂಕ್ ಬೋಲ್ಜ್ ಸೇರಿ ಈ ಪದ್ಧತಿ ಕಟ್ಟಿದ್ರು. ಶ್ಲಾಸ್‌ಬರ್ಗ್ ಸೈಕಾಲಜಿಲಿ ಡಾಕ್ಟರೇಟ್ ಮಾಡಿದ್ದ ಡಿಟೆಕ್ಟಿವ್, ಅಪರೂಪದ ಕಾಂಬಿನೇಷನ್ ಬಿಡಿ. ಅದಕ್ಕೂ ಮುಂಚೆ ನುಗ್ಗೋದೇ ಮೊದಲ ಯೋಚ್ನೆ ಆಗಿರ್ತಿತ್ತು.

ಕುತೂಹಲಿ: ಒಬ್ರೇ ಗಂಟೆಗಟ್ಲೆ ಮಾತಾಡ್ತಾರಾ ಹಂಗಾದ್ರೆ?

ರಾತ್ರಿಪಾಳಿ: ಇಲ್ಲಪ್ಪ. ಪಕ್ಕದಲ್ಲಿ ಇನ್ನೊಬ್ರು ಕೂತು ಕೇಳ್ತಾ ಚೀಟಿ ಬರ್ದು ಕೊಡ್ತಿರ್ತಾರೆ, ಬೇರೆಯವ್ರು ಅವ್ನ ಮನೆಯೋರನ್ನ ವಿಚಾರಿಸಿ ಮಾಹಿತಿ ತರ್ತಾರೆ. ಅಂದ್ರೂ ಮನೆಯೋರ ಕೈಗೆ ಸುಮ್ನೆ ಫೋನ್ ಕೊಡಲ್ಲ, ಸಿನಿಮಾದಲ್ಲಿ ಅಮ್ಮನ್ನ ಕರ್ಸಿ ಅಳಿಸ್ತಾರಲ್ಲ ಅದು ರಿಸ್ಕು, ಎಷ್ಟೋ ಸಲ ಜಗಳ ಇರೋದೇ ಅವ್ರ ಜೊತೆ.

ಹಳೇಪೇಪರ್: ಮತ್ತೆ ಜಾಸ್ತಿ ಕೇಸು ದರೋಡೆಕೋರರದ್ದಲ್ಲ, ಮನೆ ಜಗಳ, ಆತ್ಮಹತ್ಯೆಗೆ ಹೊರಟೋರು, ಇಂಥವೇ. ಅಲ್ಲಿ ಡಿಮ್ಯಾಂಡೇ ಇರಲ್ಲ, ಕೇಳಿಸ್ಕೊಳೋದೇ ಕೆಲ್ಸ.