ಪಿಯು ಜೊತೆಗೆ ಅಮೆರಿಕದ ಕಾಲೇಜು: ಎಸ್‌ಎಟಿ, ಎಸಿಟಿ, ಎಪಿ ಇವುಗಳಲ್ಲಿ ಯಾವುದು ಬರೆಸೋದು?

ತುಂಗಾತೀರ
ಮಗ ಶಿವಮೊಗ್ಗದಲ್ಲಿ ಪ್ರಥಮ ಪಿಯು, ಪಿಸಿಎಂಸಿ. ಜೆಇಇ ಕೋಚಿಂಗ್ ನಡೀತಿದೆ. ಜೊತೆಗೆ ಎಂಐಟಿ (ಮಣಿಪಾಲದ್ದಲ್ಲ, ಅಮೆರಿಕದ್ದು), ಯೇಲ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕ್ತೀನಿ ಅಂತಾನೆ. ಎಸ್‌ಎಟಿ, ಎಸಿಟಿ (ಎರಡೂ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ), ಎಪಿ (ಒಂದೊಂದು ವಿಷಯಕ್ಕೆ ಕಾಲೇಜು ಮಟ್ಟದ ಪರೀಕ್ಷೆ) ಮೂರೂ ಬರೆದರೆ ತೂಕ ಜಾಸ್ತಿ ಅಂತ ಕೆಲವರು ಹೇಳ್ತಾರೆ, ನಿಜವೇ? ಏಳನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಯಾವುದು ಬರೆಸೋದು, ಯಾವಾಗ?

ಕೊಡಚಾದ್ರಿ
ಮೂರೂ ಬೇಡ ಸರ್. ಎಸ್‌ಎಟಿ, ಎಸಿಟಿ ಎರಡನ್ನೂ ಕಾಲೇಜುಗಳು ಸಮಾನವಾಗಿ ನೋಡುತ್ತವೆ. ಎರಡೂ ಕಳಿಸಿದರೆ ಹೆಚ್ಚಿನ ಲಾಭವಿಲ್ಲ.

ಮೊದಲು ಪ್ರತಿ ಕಾಲೇಜಿನ ನಿಯಮ ನೋಡಿ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಹಾರ್ವರ್ಡ್, ಬ್ರೌನ್, ಡಾರ್ಟ್‌ಮತ್, ಕ್ಯಾಲ್ಟೆಕ್ 2024ರಲ್ಲಿ ಅದೇ ದಾರಿ ಹಿಡಿದವು. ಯೇಲ್ 2024ರಲ್ಲಿ ತಂದ ನಿಯಮದಲ್ಲಿ ಎಸ್‌ಎಟಿ, ಎಸಿಟಿ, ಎಪಿ, ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮದ ಪರೀಕ್ಷೆ) ಪೈಕಿ ಯಾವುದಾದರೂ ನಡೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶಕ್ಕೆ ಎಸ್‌ಎಟಿ, ಎಸಿಟಿ ಅಂಕ ನೋಡುವುದೇ ಇಲ್ಲ, ಕಳಿಸಿದರೂ ವ್ಯರ್ಥ. ಅಂದರೆ ನಿಮ್ಮ ಪಟ್ಟಿಯ ಮೂರಕ್ಕೂ ಒಂದು ಎಸ್‌ಎಟಿ ಸಾಕು.

ಕೊಲಂಬಿಯಾದಂಥ ಕಡೆ ಪರೀಕ್ಷೆ ಐಚ್ಛಿಕ. ಅಲ್ಲಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಆ ಕಾಲೇಜಿನ 'ಕಾಮನ್ ಡೇಟಾ ಸೆಟ್' (ಕಾಲೇಜು ಪ್ರಕಟಿಸುವ ಅಂಕಿಅಂಶಗಳ ವರದಿ) ತೆಗೆದು ಸಿ9 ಭಾಗ ನೋಡಿ. ಸೇರಿದವರ 25ನೇ ಮತ್ತು 75ನೇ ಪರ್ಸೆಂಟೈಲ್ ಅಂಕ ಅಲ್ಲಿರುತ್ತದೆ. ನಡುವಿನ ಅಂಕ ಬಂದಿದ್ದರೆ ಕಳಿಸಿ. 25ನೇ ಪರ್ಸೆಂಟೈಲ್ ಅಂಕಕ್ಕಿಂತ ಸ್ವಲ್ಪ ಕೆಳಗಿದ್ದರೂ, ಆ ಕಚೇರಿಗೆ ಗೊತ್ತೇ ಇಲ್ಲದ ಪಿಯು ಕಾಲೇಜಿನಿಂದ ಬರುವ ಹುಡುಗ ಬಚ್ಚಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಡಾರ್ಟ್‌ಮತ್ ನಿಯಮ ಬದಲಿಸುವಾಗ ಕೊಟ್ಟ ಕಾರಣವೂ ಇದೇ ಥರದ್ದು: ಅನುಕೂಲ ಕಡಿಮೆಯಿದ್ದ ಮಕ್ಕಳು, ತಮಗೆ ನೆರವಾಗುತ್ತಿದ್ದ ಅಂಕವನ್ನೇ ಕಳಿಸದೆ ಬಿಡುತ್ತಿದ್ದರು.

ಎಪಿ ನಡೆಯೋದು ಮೇ ತಿಂಗಳಲ್ಲಿ, ನೋಂದಣಿ ಹಿಂದಿನ ವರ್ಷವೇ ಮುಗಿದಿರುತ್ತದೆ. ಕಾಲೇಜಿನಲ್ಲಿ ಆ ಕೋರ್ಸೇ ಇಲ್ಲದಿದ್ದರೆ ಇಲ್ಲ ಎಂದು ಯಾರೂ ದೂರುವುದಿಲ್ಲ. ಬಿಟ್ಟುಬಿಡಿ.

ಅಡಿಕೆಮರ
ಎಸಿಟಿಯನ್ನು ನೋಡದೇ ತಳ್ಳಿಹಾಕೋದು ಬೇಡ ಮಾರಾಯ್ರೆ. ಎರಡರದ್ದೂ ಒಂದೊಂದು ಅಭ್ಯಾಸ ಪರೀಕ್ಷೆ ಸಮಯ ಇಟ್ಟುಕೊಂಡು ಬರೆಸಿ ಹೋಲಿಸಿ. ಎಸ್‌ಎಟಿ 1500 ಅಂದರೆ ಎಸಿಟಿ 34ರ ಆಸುಪಾಸು. ವ್ಯತ್ಯಾಸ ಕಡಿಮೆಯಿದ್ದರೆ ಎಸ್‌ಎಟಿಯೇ ಇರಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದರ ಓದು ಹಗುರ: ಒಂದು ಪ್ರಶ್ನೆಗೆ 25ರಿಂದ 150 ಪದಗಳ ಒಂದು ತುಣುಕು. ಎಸಿಟಿಯಲ್ಲಿ ಉದ್ದುದ್ದ ಗದ್ಯ, 40 ನಿಮಿಷಕ್ಕೆ 36 ಪ್ರಶ್ನೆ.

ಲೆಕ್ಕದಮೇಷ್ಟ್ರು
ಎಸ್‌ಎಟಿ ಗಣಿತ ಜೆಇಇ ಹುಡುಗರಿಗೆ ಸಲೀಸು, ಕ್ಯಾಲ್ಕುಲಸ್ ಇಲ್ಲ. ಆದರೂ ಅಂಕ ಕಳೆದುಕೊಳ್ಳುತ್ತಾರೆ, ಕಾರಣ ಬೇರೆ.

ಒಂದು, ಜೆಇಇ ಮೈನ್ಸ್‌ನ ಮೈನಸ್ ಭಯ. ಎಸ್‌ಎಟಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ, ಖಾಲಿ ಬಿಡಲೇಬಾರದು. ಇನ್ನೊಂದು, ಮೊದಲ ಮಾಡ್ಯೂಲ್‌ನಲ್ಲಿ (ಪರೀಕ್ಷೆಯ ಭಾಗ) ಅವಸರ. ಗಣಿತದಲ್ಲಿ ತಲಾ 35 ನಿಮಿಷ, 22 ಪ್ರಶ್ನೆಯ ಎರಡು ಮಾಡ್ಯೂಲ್. ಮೊದಲನೆಯದರಲ್ಲಿ ಮಾಡಿದ್ದನ್ನು ನೋಡಿ ಎರಡನೆಯದು ಸುಲಭವೋ ಕಠಿಣವೋ ಎಂದು ಪರೀಕ್ಷೆ ಬರೆಯುವ ಬ್ಲೂಬುಕ್ ಆ್ಯಪ್ ನಿರ್ಧರಿಸುತ್ತದೆ. ಸುಲಭದ ದಾರಿಗೆ ಬಿದ್ದರೆ ಆಮೇಲೆ ಎಲ್ಲ ಸರಿ ಮಾಡಿದರೂ ಅಂಕ ಗಣಿತದ ಪೂರ್ಣಾಂಕವಾದ 800ರ ಹತ್ತಿರ ಹೋಗುವುದಿಲ್ಲ. ಹಾಗಾಗಿ ಉಳಿದ ಸಮಯ ಮರುಪರಿಶೀಲನೆಗೇ.

ಟೈಪ್ ಮಾಡುವ ಉತ್ತರಗಳಲ್ಲೂ ಎಡವುತ್ತಾರೆ. ಧನ ಸಂಖ್ಯೆಗೆ ಐದು ಅಕ್ಷರ, ಋಣಕ್ಕೆ ಮೈನಸ್ ಸೇರಿ ಆರು. 2/3 ಬಂದರೆ ಹಾಗೇ 2/3 ಹಾಕಿ, ಇಲ್ಲವೇ .6666 ಅಥವಾ 0.667. ಬರೀ 0.67 ಹಾಕಿದರೆ ತಪ್ಪು. ಮೂರೂವರೆಯನ್ನು 3.5 ಅಥವಾ 7/2 ಎಂದೇ ಕೊಡಬೇಕು. 3 1/2 ಹಾಕಿದರೆ ಅದು 31/2 ಆಗಿಬಿಡುತ್ತದೆ. ಆ್ಯಪ್‌ನಲ್ಲೇ ಇರುವ ಡೆಸ್ಮೋಸ್ ಗ್ರಾಫ್ ಕ್ಯಾಲ್ಕುಲೇಟರ್ ಕಲಿಯಲಿ. ಕೈಲೆಕ್ಕ ಬರುತ್ತದೆಂಬ ಜಂಬದಲ್ಲಿ ಅದನ್ನು ಮುಟ್ಟದವರೇ ಹೆಚ್ಚು.

ತುಂಗಾತೀರ
ತುಂಬಾ ಉಪಕಾರ. ತಿಂಗಳು ಯಾವುದು? ನೋಂದಣಿಗೆ ಏನೇನು ಬೇಕು?

ಕೊಡಚಾದ್ರಿ
ಪ್ರಥಮ ಪಿಯು ಮುಗಿದ ಮೇಲೆ ಮೇ ಅಥವಾ ಜೂನ್‌ನಲ್ಲಿ ಮೊದಲ ಸಲ, ಬೇಕಾದರೆ ಆಗಸ್ಟ್‌ನಲ್ಲಿ ಎರಡನೇ ಸಲ. ನವೆಂಬರ್ 1ರ ಅರ್ಲಿ (ಮುಂಚಿತ) ಅರ್ಜಿ ಇದ್ದರೆ ಅಕ್ಟೋಬರ್‌ಗೆ ಮುಗಿಸಿ. ಡಿಸೆಂಬರ್‌ಗೆ ಎಳೆದರೆ ಜನವರಿಯ ಜೆಇಇ ಮೈನ್ಸ್ ತಲೆಮೇಲೆ ಬರುತ್ತದೆ, ಮಾರ್ಚ್ ಅಂತೂ ದ್ವಿತೀಯ ಪಿಯು ಪರೀಕ್ಷೆಯ ಪಾಲು.

ಪಾಸ್‌ಪೋರ್ಟ್ ಈಗಲೇ ಮಾಡಿಸಿ. ನಮ್ಮ ಕಡೆ ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದ ಅಪ್ಪನ ಹೆಸರೋ ಊರ ಹೆಸರೋ. ಕಾಲೇಜ್ ಬೋರ್ಡ್ (ಎಸ್‌ಎಟಿ ನಡೆಸುವ ಸಂಸ್ಥೆ) ಖಾತೆಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿ. ಫೀಸು ಡಾಲರ್‌ನಲ್ಲಿ, ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿಸಿಕೊಳ್ಳಿ.

ಅಡಿಕೆಮರ
ಸೆಂಟರ್ ಬೆಂಗಳೂರಲ್ಲಿ ಸಿಕ್ಕರೆ ರಾತ್ರಿ ರೈಲು ಇಳಿದು ನೇರ ಪರೀಕ್ಷೆಗೆ ಹೋಗೋದು ಬೇಡ, ಹಿಂದಿನ ದಿನವೇ ಹೋಗಿ ಮಲಗಲಿ. ಮಂಗಳೂರು ಆಯ್ದರೆ ಆಗಸ್ಟ್‌ನಲ್ಲಿ ಘಾಟಿಯ ಗತಿ ವಿಚಾರಿಸಿಕೊಂಡು ಹೊರಡಿ. ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ತಾವೇ ಒಯ್ಯಬೇಕು, ಮೊಬೈಲ್ ನಡೆಯದು. ಬ್ಯಾಟರಿ ಮೂರು ಗಂಟೆಯಾದರೂ ತಡೆಯಬೇಕು. ಪರೀಕ್ಷೆಗೆ ಐದು ದಿನ ಇರುವಾಗ ಬ್ಲೂಬುಕ್ ಆ್ಯಪ್‌ನಲ್ಲಿ ಸೆಟಪ್ ಮಾಡಿದರೇ ಪ್ರವೇಶ ಪತ್ರ ಬರೋದು. ಮಳೆಗೆ ಮಧ್ಯದಲ್ಲಿ ನೆಟ್ ಹೋದರೂ ಬರೆದದ್ದು ಉಳಿಯುತ್ತದೆ, ಶುರು ಮಾಡುವಾಗ ಮತ್ತು ಕೊನೆಗೆ ಸಲ್ಲಿಸುವಾಗ ಮಾತ್ರ ನೆಟ್ ಬೇಕು.